ನಾಲ್ಕೂರ ಲೈನಿನ ಮೇಲಿನ ವಾದ

ಇಳಕಲ್ಲಿನ ಟೆಲಿಫೋನ್ ಎಕ್ಸ್‌ಚೇಂಜಿಗೆ ನಾನು ಆಪರೇಟರ್ ಆಗಿ ಸೇರಿದ್ದು ಎಪ್ಪತ್ತರ ದಶಕ ಮುಗಿಯುವ ಹೊತ್ತಿಗೆ. ಆಗ ನಮ್ಮೂರಿಗೆ ಡಯಲ್ ತಿರುಗಿಸುವ ಫೋನು ಬಂದಿರಲಿಲ್ಲ. ಯಾರಾದರೂ ರಿಸೀವರ್ ಎತ್ತಿ ಹಿಡಿಕೆ ತಿರುವಿದರೆ ನನ್ನ ಮುಂದಿನ ಬೋರ್ಡಿನಲ್ಲಿ ಅವರ ನಂಬರಿನ ಸಣ್ಣ ಮುಚ್ಚಳ ಟಪ್ ಎಂದು ಬೀಳುತ್ತಿತ್ತು. ನಾನು ಪ್ಲಗ್ ಚುಚ್ಚಿ "ನಂಬರ್ ಹೇಳ್ರಿ" ಎನ್ನುತ್ತಿದ್ದೆ. ಫೋನಿದ್ದವರು ಸೀರೆ ವ್ಯಾಪಾರಿಗಳು, ಕೆಂಪು ಗ್ರಾನೈಟಿನ ಕ್ವಾರಿ ಮಾಲೀಕರು, ದವಾಖಾನೆ, ಪೊಲೀಸ್ ಠಾಣೆ, ಇಷ್ಟೆ. ಪರ ಊರಿಗೆ ಮಾತಾಡಬೇಕೆಂದರೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕು. ನಮ್ಮ ಲೈನು ಹುನಗುಂದಕ್ಕೆ, ಅಲ್ಲಿಂದ ಬಾಗಲಕೋಟೆಗೆ. ಬಾಗಲಕೋಟೆಯವರು ಮನಸ್ಸು ಮಾಡಿದರೆ ಬಾದಾಮಿಯನ್ನೂ ಅದಕ್ಕೆ ಜೋಡಿಸಬಹುದಿತ್ತು.

ಮನಸ್ಸು ಮಾಡುತ್ತಿದ್ದರು. ಮಧ್ಯಾಹ್ನ ಊಟವಾದ ಮೇಲೆ ಸೀರೆ ಅಂಗಡಿಗಳು ಅರ್ಧ ಬಾಗಿಲು ಹಾಕುತ್ತಿದ್ದವು, ಕ್ವಾರಿಯ ಸಾಹುಕಾರರು ಮಲಗುತ್ತಿದ್ದರು. ಆ ಹೊತ್ತಿಗೆ ಲೈನ್ ಸರಿ ಇದೆಯೋ ಇಲ್ಲವೋ ಎಂದು ಪರೀಕ್ಷೆ ಮಾಡುವುದು ನಮ್ಮ ಕೆಲಸ. "ಹಲೋ ಇಳಕಲ್, ಕೇಳಸ್ತೈತೇನ್ರಿ?" ಎಂದು ಶುರುವಾದ ಪರೀಕ್ಷೆ ಮಳೆ ಬಂತೇ ಎಂಬಲ್ಲಿಗೆ, ಅಲ್ಲಿಂದ ಇವತ್ತಿನ ಪೇಪರ್ ನೋಡಿದಿರೇ ಎಂಬಲ್ಲಿಗೆ ಹೋಗುತ್ತಿತ್ತು. ನಾನು ಸೇರುವ ಮೊದಲೇ ಆ ಮೂರು ಊರಿನ ಗಂಡಸರು ಹೀಗೆ ವಾದ ಮಾಡುವ ರೂಢಿ ಇಟ್ಟುಕೊಂಡಿದ್ದರು. ನಾನು ಬಂದು ಕೂತ ಮೇಲೆ ನಾಲ್ಕು ಊರಾಯಿತು.

ನಾವು ಒಬ್ಬರ ಮುಖ ಒಬ್ಬರು ಕಂಡವರಲ್ಲ. ಹೆಸರೂ ಹಿಡಿದು ಕರೆಯುತ್ತಿರಲಿಲ್ಲ. ಊರೇ ಹೆಸರು. ಬಾಗಲಕೋಟೆಗೆ ಯಂತ್ರವೆಂದರೆ ದೇವರು. ಕಂಪ್ಯೂಟರ್ ಎಂಬ ಶಬ್ದ ನಾನು ಮೊದಲು ಕೇಳಿದ್ದು ಅವರ ಬಾಯಿಂದ. ಇನ್ನು ಸ್ವಲ್ಪ ವರ್ಷಕ್ಕೆ ನಮ್ಮ ಬೋರ್ಡುಗಳೆಲ್ಲ ಗುಜರಿಗೆ ಹೋಗುತ್ತವೆ, ಮನುಷ್ಯರೇ ಇಲ್ಲದೆ ಫೋನು ಫೋನಿಗೆ ಹತ್ತುತ್ತದೆ ಎಂದು ಖುಷಿಯಿಂದ ಹೇಳುತ್ತಿದ್ದರು. ಆ ಗುಜರಿಯಲ್ಲಿ ತಮ್ಮ ಕುರ್ಚಿಯೂ ಹೋಗುತ್ತದೆ ಎಂಬುದು ಅವರಿಗೆ ಹೊಳೆದಂತೆ ಕಾಣಲಿಲ್ಲ. ಹುನಗುಂದಕ್ಕೆ ರಾಜಕೀಯದ ಹುಚ್ಚು. ಯಾವ ಪಕ್ಷದ ಸಭೆಯಾದರೂ ಹೋಗಿ ಕೊನೆಯವರೆಗೂ ಕೂತು, ಮರುದಿನ ಎಲ್ಲರನ್ನೂ ಒಂದೇ ತಕ್ಕಡಿಯಲ್ಲಿಟ್ಟು ಬೈಯುತ್ತಿದ್ದರು. ಬಾದಾಮಿಯದು ಕಾರಿನ ಮಾತು. ಅವರ ಕಿಟಕಿಯ ಮುಂದೆಯೇ ಗುಹೆ ನೋಡಲು ಬರುವವರ ಗಾಡಿಗಳು ಹಾಯುತ್ತಿದ್ದವು. ಯಾವ ಕಾರಿನ ಬಾಗಿಲು ಹೇಗೆ ಸಪ್ಪಳ ಮಾಡುತ್ತದೆ ಎಂಬುದರಿಂದ ಹಿಡಿದು ಅವರಿಗೆ ಎಲ್ಲದರ ಬಗ್ಗೆಯೂ ಅಭಿಪ್ರಾಯವಿತ್ತು, ಸ್ವಂತಕ್ಕೆ ಒಂದು ಸೈಕಲ್ ಕೂಡ ಇರಲಿಲ್ಲ.

ನನಗೆ ಈ ಮೂರರ ಬಗ್ಗೆಯೂ ಅಭಿಪ್ರಾಯವಿತ್ತು. ತಕರಾರು ಶುರುವಾದದ್ದು ಅಲ್ಲಿಂದ.

ನನ್ನ ಅಪ್ಪ ಬಾಡಿಗೆ ಅಂಬಾಸಡರ್ ಓಡಿಸುತ್ತಿದ್ದ. ಕಾರಿನ ಬಾನೆಟ್ ಎತ್ತಿದಾಗ ಬರುವ ವಾಸನೆ ನನಗೆ ಹುಟ್ಟಿದಾಗಿನಿಂದ ಗೊತ್ತು. ಹೊಸ ಸಣ್ಣ ಕಾರು ಬಂದ ವರ್ಷ ಬಾದಾಮಿಯವರು ಅದನ್ನು ಕಂಡು ಹಿಗ್ಗಿ, ಇನ್ನು ಅಂಬಾಸಡರಿನ ಕಾಲ ಮುಗಿಯಿತು ಎಂದರು. ನಾನು ಅದು ಬೆಂಕಿಪೆಟ್ಟಿಗೆ ಎಂದೆ. ನಮ್ಮ ಎರೆಮಣ್ಣಿನ ದಾರಿಯಲ್ಲಿ ಒಂದು ಮಳೆಗಾಲ ಕಳೆಯಲಿ, ಹೊಟ್ಟೆಯ ತನಕ ಹೂತುಕೊಂಡು ಕೂಡುತ್ತದೆ ನೋಡಿರಿ ಎಂದೆ. ನಡುವೆ ಬಾಗಲಕೋಟೆಯವರು ಬಾಯಿ ಹಾಕಿದರು.

"ಕಾರಿನ ಉಸಾಬರಿ ನಿಮಗ್ಯಾಕ್ರಿ? ನೀವು ಸೀರಿ ಊರಾಗ ಇದ್ದವ್ರು. ಸೀರಿ ಬಗ್ಗೆ ಹೇಳ್ರಿ, ಕೇಳ್ತೇವಿ."

"ಸೀರಿ ಬಗ್ಗೆ ನೀವ ಹೇಳ್ರಿ, ನಾ ಕೇಳ್ತೇನಿ. ಕಾರಿನ ಮಾತು ಮುಗಿಸೇ ನಾ ಪ್ಲಗ್ ತಗಿಯಾಕಿ" ಎಂದೆ.

ಬಾದಾಮಿಯವರು ನಕ್ಕರು. ಮುಂದೆ ವರ್ಷಗಟ್ಟಲೆ ಆ ಸಣ್ಣ ಕಾರಿನ ಜಗಳ ನಿಲ್ಲಲಿಲ್ಲ. ಇಂದು ಹೇಳಬೇಕೆಂದರೆ ಅವರು ಹೇಳಿದ್ದೇ ಸರಿಯಾಯಿತು. ಆ ಕಾರು ಹೂತುಹೋಗಲಿಲ್ಲ, ಊರೆಲ್ಲ ತುಂಬಿತು. ಫೋನಿನ ಬಗ್ಗೆ ಬಾಗಲಕೋಟೆಯವರು ಹೇಳಿದ್ದೂ ಸರಿಯಾಯಿತು. ನಾನು ಆಡಿದ ವಾದಗಳಲ್ಲಿ ಅರ್ಧಕ್ಕರ್ಧ ತಪ್ಪಿದ್ದವು. ಅದಕ್ಕೆ ನನಗೆ ಒಂದಿಷ್ಟೂ ನಾಚಿಕೆ ಇಲ್ಲ. ಹುನಗುಂದದವರ ಭವಿಷ್ಯವಾಣಿಗಳಂತೂ ಒಂದೂ ಖರೆ ಆಗಲಿಲ್ಲ, ಅವರನ್ನು ಯಾರೂ ನಿಮಗ್ಯಾಕೆ ಉಸಾಬರಿ ಎಂದು ಕೇಳಲಿಲ್ಲ.

ಮನೆಯಲ್ಲಿ ಅವ್ವನಿಗೆ ಇದು ಗೊತ್ತಾಗಿದ್ದು ಒಂದು ಸಂಬಂಧ ತಪ್ಪಿದಾಗ. ಗುಳೇದಗುಡ್ಡದಿಂದ ನೋಡಲು ಬಂದವರು ಎಲ್ಲ ಒಪ್ಪಿ ಹೋಗಿದ್ದರು. ಆಮೇಲೆ, ಹುಡುಗಿ ವಾಯರಿನಲ್ಲಿ ಪರಗಂಡಸರ ಕೂಡ ಹರಟೆ ಹೊಡೆಯುತ್ತಾಳಂತೆ ಎಂದು ಹೇಳಿ ಕಳಿಸಿದರು. ಅವ್ವ ರಾಟಿ ಮುಂದೆ ಕೂತು ನೂಲು ಸುತ್ತುತ್ತಲೇ ಅತ್ತಳು. ಕಾರಿನ ಬಗ್ಗೆ ಮಾತಾಡುತ್ತೇನೆ, ಎಲೆಕ್ಷನ್ ಬಗ್ಗೆ ಮಾತಾಡುತ್ತೇನೆ ಎಂದೆ. ಅವಳಿಗೆ ಅದು ಇನ್ನೂ ಕೆಟ್ಟದ್ದಾಗಿ ಕೇಳಿಸಿತು. ಮರುದಿನ ಮಧ್ಯಾಹ್ನ ನಾನು ಎಂದಿನಂತೆ ಪ್ಲಗ್ ಚುಚ್ಚಿದೆ.

ಹೀಗಿರುವಾಗ ಒಂದು ಚುನಾವಣೆ ಹತ್ತಿರ ಬಂತು. ನಮ್ಮ ಭಾಗದ ಒಬ್ಬ ಮುಖಂಡರು ಇಳಕಲ್ಲಿನಲ್ಲಿ ಸಭೆ ಮಾಡಿದರು. ಹೊಸ ಬಿಳಿ ಸಣ್ಣ ಕಾರಿನಲ್ಲಿ ಬಂದಿದ್ದರು. ಅದರ ಸುತ್ತ ನಿಂತ ಜನ ಸಭೆಯಲ್ಲಿ ಕೂತ ಜನಕ್ಕಿಂತ ಹೆಚ್ಚಿದ್ದರು. ಮುಖಂಡರು ಮೈಕಿನ ಮುಂದೆ ನಿಂತು, ಮನೆಮನೆಗೂ ಫೋನು ಕೊಡಿಸುತ್ತೇನೆ, ನೀವು ಕೂತಲ್ಲಿಂದಲೇ ಡಯಲ್ ತಿರುಗಿಸಿ ಮುಂಬಯಿಗೆ ಮಾತಾಡಬಹುದು ಎಂದರು. ಚಪ್ಪಾಳೆ ಬಿತ್ತು. ನಾನು ಹೆಂಗಸರ ಸಾಲಿನಲ್ಲಿ ಕೂತಿದ್ದೆ. ನಮ್ಮ ನೇಕಾರರ ಓಣಿಯವರು ಆ ಬೇಸಿಗೆಯಲ್ಲಿ ನೀರಿಗಾಗಿ ಕೊಡ ಹಿಡಿದು ಎರಡು ಓಣಿ ಆಚೆಗೆ ಹೋಗುತ್ತಿದ್ದರು.

ಮರುದಿನ ಮಧ್ಯಾಹ್ನ ಹುನಗುಂದದವರು ಆ ಭಾಷಣದ ವಿಷಯ ತೆಗೆದರು. ಬಾಗಲಕೋಟೆಯವರು ಮುಖಂಡರ ಪರ. ಹೊಸ ಯಂತ್ರ ತರುತ್ತೇನೆ ಎಂದ ಮೊದಲನೆಯ ಮನುಷ್ಯ ಇವರು, ಹೊಗಳಬೇಕು ಎಂದರು. ಬಾದಾಮಿಯವರು ಆ ಕಾರಿನ ಬಣ್ಣ ಚಂದವಿದೆಯೋ ಎಂದು ಕೇಳಿದರು. ನನಗೆ ತಡೆಯಲಾಗಲಿಲ್ಲ.

"ಮನಿಗೊಂದು ಫೋನು ಆಮ್ಯಾಲ ತರ್ಲಿ. ಮದಲ ನಮ್ಮ ಓಣಿಗೊಂದು ನಳ ತರ್ಲಿ. ಹೊಸಾ ಕಾರು ತಗೊಂಡಾರಲ್ಲ, ಅದರ ಗಾಜು ಇಳಿಸಿ ನೇಕಾರ ಓಣ್ಯಾಗ ಒಮ್ಮೆ ಹಾದು ಹೋಗ್ಲಿ. ಆಮ್ಯಾಲ ಮುಂಬಯಿ ಮಾತು ಆಡ್ಲಿ."

ಮೂವರೂ ನಕ್ಕರು. ಬಾಗಲಕೋಟೆಯವರ ನಗೆಯೇ ದೊಡ್ಡದಿತ್ತು. ನಗೆ ಮುಗಿಯುವ ಮುನ್ನ ನಮ್ಮ ನಾಲ್ವರದಲ್ಲದ ಇನ್ನೊಂದು ದನಿ ಲೈನಿನಲ್ಲಿ ಕೇಳಿತು.

"ಯಾರಾಕಿ?"

ಆ ದನಿ ನಮಗೆಲ್ಲರಿಗೂ ಗೊತ್ತಿತ್ತು. ಮುಖಂಡರು ಹುನಗುಂದದಿಂದ ಬೆಂಗಳೂರಿಗೆ ಟ್ರಂಕ್ ಕಾಲ್ ಬುಕ್ ಮಾಡಿ ಕಾಯುತ್ತಿದ್ದರು. ಹುನಗುಂದದವರು ಅವರನ್ನು ಲೈನಿನ ಮೇಲೆ ನಿಲ್ಲಿಸಿ, ಮಾತು ಅತ್ತಿತ್ತ ಕೇಳದಂತೆ ತಡೆಯುವ ಬೋರ್ಡಿನ ಕೀ ಮುಚ್ಚುವುದನ್ನು ಮರೆತಿದ್ದರು. ಒಬ್ಬೊಬ್ಬರಾಗಿ ಲೈನು ಬಿಟ್ಟ ಸಪ್ಪಳ ಕೇಳಿತು. ಕೊನೆಗೆ ಉಳಿದವಳು ನಾನು. "ಇಳಕಲ್ ಆಪರೇಟರ್ ರೀ" ಎಂದೆ. ಅವರು ಫೋನು ಇಟ್ಟರು.

ಅಂದು ರಾತ್ರಿಯ ಊಟದ ಹೊತ್ತಿಗೇ ಅಪ್ಪನಿಗೆ ಸುದ್ದಿ ಮುಟ್ಟಿತ್ತು. ಚುನಾವಣೆಯ ಓಡಾಟಕ್ಕೆಂದು ಮುಖಂಡರ ಕಡೆಯವರು ಹಿಡಿದಿದ್ದ ಅವನ ಗಾಡಿಯನ್ನು ಬೇಡ ಎಂದಿದ್ದರು. ಅಪ್ಪ ನನ್ನನ್ನು ಬೈಯಲಿಲ್ಲ. ನೀ ಹಂಗ ಅಂದದ್ದು ಖರೆ ಏನು ಎಂದು ಮಾತ್ರ ಕೇಳಿದ. ಹೌದು ಎಂದೆ. ಅವನು ತಲೆ ತಗ್ಗಿಸಿ ಉಣ್ಣುತ್ತಾ ಕೂತ.

ವಾರ ಕಳೆಯುವುದರೊಳಗೆ ಬಾಗಲಕೋಟೆಯಿಂದ ನಮ್ಮ ಸೂಪರ್‌ವೈಜರ್ ಬಂದರು. ವಯಸ್ಸಾದವರು, ಕೆಟ್ಟವರಲ್ಲ. ಕುರ್ಚಿ ಎಳೆದುಕೊಂಡು ನನ್ನ ಪಕ್ಕ ಕೂತು ಮೆಲ್ಲಗೆ ಹೇಳಿದರು. ಮುಖಂಡರು ಮೇಲಿನವರಿಗೆ ಫೋನು ಮಾಡಿದ್ದಾರೆ, ಲಿಖಿತ ದೂರು ಇನ್ನೂ ಕೊಟ್ಟಿಲ್ಲ. ನಾನು ನನ್ನ ತಂದೆಯನ್ನು ಕರೆದುಕೊಂಡು ಅವರ ಮನೆಗೆ ಹೋಗಿ, ತಪ್ಪಾಯಿತು ಎಂದು ಕೈಮುಗಿದು ಬಂದರೆ ಅಲ್ಲಿಗೆ ಮುಗಿಯುತ್ತದೆ.

"ಲೈನಿನ ಮ್ಯಾಲ ಹರಟಿ ಹೊಡದದ್ದು ತಪ್ಪ್ರಿ ಸರ. ಅದಕ್ಕ ಏನು ಶಿಕ್ಷಾ ಐತಿ ಕೊಡ್ರಿ, ತಗೋತೇನಿ" ಎಂದೆ. "ಆದ್ರ ಅವರ ಮನಿಗೆ ಯಾಕ ಹೋಗ್ಲಿ? ನಳ ಇಲ್ಲ ಅಂದದ್ದು ತಪ್ಪೇನ್ರಿ?"

"ಅದು ಹಂಗಲ್ಲವಾ. ಹೆಣ್ಣಮಗಳು ನೀನು."

"ನಾಲ್ಕು ಮಂದಿ ಮಾತಾಡೀವ್ರಿ. ಉಳದ ಮೂವರಿಗೂ ಹೋಗಂತ ಹೇಳೀರೇನ್ರಿ?"

ಅವರು ಕನ್ನಡಕ ತೆಗೆದು ಒರೆಸಿದರು. "ಗಂಡಸರು ಮಾತಾಡ್ತಾರ ಬಿಡವಾ" ಎಂದರು.

ನನಗೆ ಸಿಟ್ಟು ಬಂದದ್ದು ಮುಖಂಡರ ಮೇಲಲ್ಲ, ಆ ಒಂದು ಮಾತಿನ ಮೇಲೆ. ಅವರು ಅದನ್ನು ಮಳೆ ಬರುತ್ತದೆ, ಬಿಸಿಲು ಬರುತ್ತದೆ ಎನ್ನುವ ಹಾಗೆ ಅಂದರು. ನಾನು ಹೋಗುವುದಿಲ್ಲ ಎಂದೆ. ವಿಚಾರಣೆಗೆ ಬಾಗಲಕೋಟೆಗೆ ಕರೆಯುತ್ತಾರೆ, ದೂರದ ಊರಿಗೆ ಹಾಕಬಹುದು, ನೌಕರಿಗೂ ಕುತ್ತು ಬರಬಹುದು ಎಂದು ಹೇಳಿ ಎದ್ದರು. ಹೋಗುವಾಗ ಬಾಗಿಲಲ್ಲಿ ನಿಂತು, ಇನ್ನೊಮ್ಮೆ ವಿಚಾರ ಮಾಡು ತಂಗಿ ಎಂದರು.

ಆ ದಿನಗಳಲ್ಲಿ ಮಧ್ಯಾಹ್ನದ ಲೈನು ಸತ್ತುಹೋಗಿತ್ತು. ಟ್ರಂಕ್ ಕಾಲ್ ಇದ್ದರೆ ನಂಬರು ಹೇಳುತ್ತಿದ್ದರು, ಮುಗಿದ ಕೂಡಲೇ ಪ್ಲಗ್ ಕೀಳುತ್ತಿದ್ದರು. ಮೂವರಲ್ಲಿ ಒಬ್ಬರೂ ಏನಾಯಿತು ಎಂದು ಕೇಳಲಿಲ್ಲ. ಅಷ್ಟು ವರ್ಷ ದೇಶ ಆಳುವವರನ್ನೆಲ್ಲ ಹರಿದು ಹಾಕಿದ ಬಾಯಿಗಳು ಒಬ್ಬ ಊರ ಮುಖಂಡನ ದನಿಗೆ ಮುಚ್ಚಿಕೊಂಡವು. ವಿಚಾರಣೆಯ ದಿನ ಗೊತ್ತಾದ ಮೇಲೆ ಒಂದು ಮಧ್ಯಾಹ್ನ ನಾನೇ ಹುನಗುಂದವನ್ನು ಎಬ್ಬಿಸಿದೆ. ಬಾಗಲಕೋಟೆಯನ್ನು ಕೊಡಿ, ಬಾದಾಮಿಯನ್ನೂ ಜೋಡಿಸಲು ಹೇಳಿ, ಲೈನ್ ಪರೀಕ್ಷೆ ಮಾಡಬೇಕು ಎಂದೆ. ಜೋಡಿಸಿದರು. ಮೂವರೂ ಇದ್ದಾರೆ ಎಂಬುದು ಉಸಿರಿನಿಂದ ತಿಳಿಯುತ್ತಿತ್ತು.

"ಸೋಮವಾರ ನನ್ನ ವಿಚಾರಣಿ ಐತಿ. ನಾ ಕ್ಷಮಾ ಕೇಳಂಗಿಲ್ಲ. ನಿಮ್ಮ ಹೆಸರೂ ಹೇಳಂಗಿಲ್ಲ, ಯಾಕಂದ್ರ ನನಗ ನಿಮ್ಮ ಹೆಸರ ಗೊತ್ತಿಲ್ಲ. ಆದ್ರ ನಾಲ್ಕೂ ಊರು ಮಾತಾಡೀವಿ ಅಂತ ಹೇಳ್ತೇನಿ. ಮುಂದ ನಿಮಗ ಬಿಟ್ಟದ್ದು."

ನಾನು ಪ್ಲಗ್ ತೆಗೆದೆ.

ಸೋಮವಾರ ಬಸ್ಸಿಗೆ ಹೋಗಲೆಂದು ನಾನು ಸೀರೆ ಉಟ್ಟು ಹೊರಗೆ ಬಂದರೆ ಅಪ್ಪ ಅಂಬಾಸಡರ್ ತೊಳೆದು ನಿಲ್ಲಿಸಿದ್ದ. ಮುಖಂಡರ ಪಕ್ಷಕ್ಕೆ ಅವನು ಯಾವಾಗಿನಿಂದಲೂ ವೋಟು ಹಾಕುವವನು, ಗಾಡಿಯ ಕನ್ನಡಿಯ ಹತ್ತಿರ ಆ ಪಕ್ಷದ ಚಿಹ್ನೆ ಅಂಟಿಸಿದವನು. ಅವ್ವ ಬಾಗಿಲಲ್ಲಿ ನಿಂತು, ಇನ್ನೂ ಹೊತ್ತು ಮೀರಿಲ್ಲ, ಮೊದಲು ಅವರ ಮನೆಗೇ ಹೋಗಿ ಬರ್ರಿ ಎಂದಳು. ಅಪ್ಪ ಬಾಗಿಲು ತೆಗೆಯುತ್ತಾ ಅವಳಿಗೆ ಹೇಳಿದ:

"ನಾ ಅವ್ರಿಗೇ ವೋಟ ಹಾಕಾಂವ. ಈ ಸಲಾನೂ ಹಾಕ್ತೇನಿ. ನನ್ನ ಮಗಳು ಅವ್ರ ಕಟ್ಟಿ ಹತ್ತಂಗಿಲ್ಲ."

ಹುನಗುಂದದ ಬಸ್ ನಿಲ್ದಾಣದ ಮುಂದೆ, ಇಳಕಲ್ಲಿನಿಂದ ಬರುವ ಗಾಡಿಗಳನ್ನೆಲ್ಲ ನೋಡುತ್ತಾ ನಿಂತಿದ್ದ ಒಬ್ಬ ಮನುಷ್ಯ ನಮ್ಮ ಗಾಡಿಗೆ ಕೈ ಮಾಡಿದ. ಸಣಕಲು ಮೈ, ಇಸ್ತ್ರಿ ಮಾಡಿದ ಬಿಳಿ ಅಂಗಿ. ಹತ್ತಿರ ಬಂದು ಕಿಟಕಿಯೊಳಗೆ ಬಗ್ಗಿ, ನನ್ನ ಮುಖ ನೋಡದೆ ಸೀಟಿನ ಕಡೆಗೆ ನೋಡುತ್ತಾ, "ಇಳಕಲ್ಲವರೇನ್ರಿ ಅಕ್ಕಾರ?" ಎಂದ. ದನಿಯಿಂದ ತಿಳಿಯಿತು. ಆಳುವವರನ್ನೆಲ್ಲ ಗಡಗಡ ನಡುಗಿಸುವಂತೆ ಬೈಯುತ್ತಿದ್ದ ಹುನಗುಂದ ಇವನೇ. ನನ್ನದೇ ವಾರಿಗೆಯವನು. "ಕೀ ಮುಚ್ಚೋದು ನಾ ಮರ್ತಿದ್ನಿ. ನಾನೂ ಬರ್ತೇನಿ" ಎಂದು ಅಪ್ಪನ ಪಕ್ಕ ಕೂತ.

ಅಮೀನಗಡ ದಾಟುವ ಹೊತ್ತಿಗೆ ಅವನ ನಾಚಿಕೆ ಮಾಯವಾಗಿತ್ತು. ಕನ್ನಡಿಯ ಹತ್ತಿರದ ಚಿಹ್ನೆ ನೋಡಿದ್ದೇ ತಡ, ಇದನ್ನು ಯಾಕೆ ಹಚ್ಚಿದ್ದೀರಿ ಎಂದು ಅಪ್ಪನನ್ನು ಕೇಳಿದ. ಅಪ್ಪ ಬಿಡುವವನಲ್ಲ. ಆ ಪಕ್ಷ ಬಡವರಿಗೆ ಮನೆ ಕೊಟ್ಟಿದೆ ಎಂದ. ಎಲ್ಲಿ ಕೊಟ್ಟಿದೆ ತೋರಿಸಿ ಎಂದು ಇವನು. ದಾರಿಯುದ್ದಕ್ಕೂ ಇಬ್ಬರೂ ಜಗಳವಾಡಿದರು. ಅಪ್ಪ ಒಂದು ಕಡೆ ಗಾಡಿಯನ್ನೇ ನಿಲ್ಲಿಸಿ, ಹಿಂದಕ್ಕೆ ತಿರುಗಿ ನನ್ನನ್ನು, ಇಂಥವರ ಕೂಡ ನೀ ದಿನಾ ಮಾತಾಡತಿದ್ದೆಯೇನು ಎಂದು ಕೇಳಿದ. ನಾನು ನಕ್ಕೆ. ಆ ಗದ್ದಲ ಶುರುವಾದ ಮೇಲೆ ನಾನು ನಕ್ಕದ್ದು ಅದೇ ಮೊದಲು.

ಬಾಗಲಕೋಟೆಯ ಕಚೇರಿಯ ವರಾಂಡದಲ್ಲಿ ಛತ್ರಿ ಊರಿಕೊಂಡು ಒಬ್ಬ ಕುಳ್ಳ ಮುದುಕರು ಬೆಂಚಿನ ಮೇಲೆ ಕೂತಿದ್ದರು. ದಪ್ಪ ಕನ್ನಡಕ, ತಲೆಯ ಮೇಲೆ ಬಿಳಿ ಟೊಪ್ಪಿಗೆ. ನಮ್ಮ ಗಾಡಿ ಬಂದು ನಿಂತ ಸಪ್ಪಳಕ್ಕೆ ಎದ್ದು ಬಂದು, ನಮ್ಮನ್ನು ಬಿಟ್ಟು ಗಾಡಿಯನ್ನು ಒಂದು ಸುತ್ತು ಹಾಕಿ ನೋಡಿದರು. ಆಮೇಲೆ ನನ್ನ ಕಡೆ ತಿರುಗಿ, "ಗಾಡಿ ಚಲೋ ಇಟ್ಟೀರಿ. ಆದರೂ ಇದರ ಕಾಲ ಮುಗದೈತಿ ಯವ್ವಾ" ಎಂದರು. ಲೈನಿನಲ್ಲಿ ಅವರ ದನಿ ಎಷ್ಟು ಭಾರವಾಗಿ ಕೇಳುತ್ತಿತ್ತೆಂದರೆ ಬಾದಾಮಿ ಎಂದರೆ ಆರಡಿ ಆಳು ಎಂದುಕೊಂಡಿದ್ದೆ. ನಾನು ಬಗ್ಗಿ ಅವರ ಕಾಲು ಮುಟ್ಟಿದೆ. ಅವರಿಗೆ ನಿವೃತ್ತಿ ಹತ್ತಿರವಿತ್ತು. ಸುಮ್ಮನೆ ಮನೆಯಲ್ಲಿ ಕೂತಿದ್ದರೆ ಯಾರೂ ಅವರನ್ನು ಕೇಳುತ್ತಿರಲಿಲ್ಲ.

ಬಾಗಲಕೋಟೆ ಮಾತ್ರ ಬರಲಿಲ್ಲ. ಬರಲು ದೂರವೇನೂ ಇರಲಿಲ್ಲ. ಅವರ ಬೋರ್ಡು ಇದ್ದದ್ದು ಅದೇ ಕಟ್ಟಡದ ಒಳಗಿನ ಕೋಣೆಯಲ್ಲಿ. ಬಾಗಿಲ ಸಂದಿಯಿಂದ ಅವರ "ನಂಬರ್ ಪ್ಲೀಸ್" ನಮಗೆಲ್ಲ ಕೇಳುತ್ತಿತ್ತು.

ಒಳಗೆ ಮೇಲಧಿಕಾರಿ ನನ್ನನ್ನು ಒಬ್ಬಳನ್ನೇ ಕರೆದಿದ್ದರು. ಮೂವರು ಹೋಗಿ ನಿಂತೆವು. ನೀವ್ಯಾಕೆ ಬಂದಿರಿ ಎಂದು ಅವರು ಗಂಡಸರಿಬ್ಬರನ್ನು ಕೇಳಿದರು. ಬಾದಾಮಿಯವರು ಛತ್ರಿಯನ್ನು ಗೋಡೆಗೆ ಒರಗಿಸಿಟ್ಟು, ಆ ಲೈನಿನ ಮೇಲೆ ಹರಟೆ ಶುರು ಮಾಡಿದ್ದು ತಾನು, ಈ ಹುಡುಗಿ ನೌಕರಿಗೆ ಸೇರುವುದಕ್ಕಿಂತ ಮೊದಲೇ ಶುರು ಮಾಡಿದ್ದು ಎಂದರು. ಹುನಗುಂದದವನು ಕೀ ಮುಚ್ಚದೆ ಬಿಟ್ಟದ್ದು ತನ್ನ ತಪ್ಪು ಎಂದ. ಅಧಿಕಾರಿ ನನ್ನನ್ನು ನೋಡಿದರು. ಮಾತಾಡಿದ್ದು ಒಪ್ಪುತ್ತೇನೆ, ಶಿಕ್ಷೆ ಎಲ್ಲರಿಗೂ ಒಂದೇ ಇರಲಿ, ಮುಖಂಡರ ಮನೆಗೆ ಮಾತ್ರ ಹೋಗುವುದಿಲ್ಲ ಎಂದು ನಾನು ಹೇಳಿದೆ. ಅವರಿಗೆ ಬೇಕಾಗಿದ್ದುದು ತೆಪ್ಪಗೆ ಕೈಮುಗಿಯುವ ಒಬ್ಬ ಹೆಣ್ಣುಮಗಳು. ಮೂರು ಎಕ್ಸ್‌ಚೇಂಜಿನ ಆಪರೇಟರುಗಳಲ್ಲ. ಕೊನೆಗೆ ಮೂವರಿಗೂ ಎಚ್ಚರಿಕೆ ಕೊಟ್ಟು, ನನ್ನನ್ನು ಬಾಗಲಕೋಟೆಗೆ ವರ್ಗ ಮಾಡಿದರು. ಅಲ್ಲಿ ಸೂಪರ್‌ವೈಜರ್ ಕಣ್ಣಳತೆಯಲ್ಲಿ ಇರುತ್ತಾಳೆ ಎಂಬುದು ಲೆಕ್ಕ. ಶಿಕ್ಷೆ ಒಂದೇ ಆಗಲಿಲ್ಲ. ಅದನ್ನು ನಾನು ಅಲ್ಲೇ ಹೇಳಿದೆ. ಅವರು ಕೇಳಿಸಿಕೊಳ್ಳದವರಂತೆ ಮುಂದಿನ ಫೈಲು ತೆಗೆದರು.

ಬಾಗಲಕೋಟೆಯಲ್ಲಿ ಹಳೆಯ ಪೇಟೆಯ ಸೋದರತ್ತೆಯ ಮನೆಯಲ್ಲಿ ಉಳಿದೆ. ನನಗೆ ಕೊಟ್ಟ ಕುರ್ಚಿ, ವಿಚಾರಣೆಯ ದಿನ ಒಳಗೇ ಕೂತಿದ್ದ ಬಾಗಲಕೋಟೆಯವರ ಪಕ್ಕದ್ದೇ. ಯಂತ್ರಭಕ್ತರು ಚೆನ್ನಾಗಿ ಕ್ರಾಪು ಬಾಚಿದ, ಹೆಂಡತಿ ಮಕ್ಕಳಿದ್ದ ಮನುಷ್ಯ. ಮೊದಲ ದಿನ ನನ್ನನ್ನು ಕಂಡು ಎದ್ದು ನಿಂತರು. ನಾನು ಹೆಡ್‌ಸೆಟ್ ಹಾಕಿಕೊಂಡು ಬೋರ್ಡಿನ ಕಡೆ ತಿರುಗಿದೆ. ಕೆಲಸದ ಮಾತು ಬಿಟ್ಟು ಬೇರೆ ಮಾತು ಬಹಳ ದಿನ ಆಡಲಿಲ್ಲ. ಒಂದು ಮುಂಜಾನೆ, ಇನ್ನೂ ಯಾರೂ ಬಂದಿರದಾಗ, ಅವರೇ ಬಾಯಿ ಬಿಟ್ಟರು.

"ನಾ ಅಂಜಿದ್ನಿರಿ. ಬ್ಯಾರೆ ಏನೂ ಕಾರಣ ಇಲ್ಲ."

"ನಾನೂ ಅಂಜಿದ್ನಿ" ಎಂದೆ.

ಅವರು ಇನ್ನೇನಕ್ಕೋ ಕಾದರು. ಪರವಾಗಿಲ್ಲ ಎಂಬ ಮಾತಿಗೆ ಕಾದರೆಂದು ತೋರುತ್ತದೆ. ಅದನ್ನು ನಾನು ಹೇಳಲಿಲ್ಲ. ಆದರೆ ಅಂದಿನಿಂದ ಮಾತಾಡಿದೆವು, ಮಾತು ಎಂದರೆ ಮತ್ತೆ ವಾದವೇ.

ಮುಖಂಡರು ಆ ಚುನಾವಣೆಯಲ್ಲಿ ಗೆದ್ದರು. ಅಪ್ಪನ ವೋಟು ಅದರಲ್ಲಿತ್ತು. ಅವರ ಕಡೆಯವರು ಅಪ್ಪನ ಗಾಡಿಯನ್ನು ಮುಂದೆಂದೂ ಹಿಡಿಯಲಿಲ್ಲ, ಅವನು ಸೀರೆ ವ್ಯಾಪಾರಿಗಳ ಬಾಡಿಗೆಯಲ್ಲೇ ಹೊಟ್ಟೆ ಹೊರೆದ. ಒಂದು ಸಲ ಬಾಗಲಕೋಟೆಯಿಂದ ಮುಖಂಡರು ಟ್ರಂಕ್ ಕಾಲ್ ಬುಕ್ ಮಾಡಿದಾಗ ಬೋರ್ಡಿನಲ್ಲಿ ನಾನಿದ್ದೆ. ನಂಬರು ತೆಗೆದುಕೊಂಡು ಕಾಯಿರಿ ಎಂದೆ. ಅವರಿಗೆ ದನಿಯ ಗುರುತು ಹತ್ತಿತು.

"ನೀನು ಆ ಇಳಕಲ್ಲದಾಕಿ ಅಲ್ಲೇನು?"

"ಹೌದ್ರಿ. ನಮ್ಮ ಓಣಿಗೆ ನಳ ಇನ್ನೂ ಬಂದಿಲ್ರಿ."

ಪಕ್ಕದಲ್ಲಿ ಕೂತವರು ಕಣ್ಣು ಮುಚ್ಚಿಕೊಂಡರು. ಮುಖಂಡರು, ನೋಡೋಣ, ಮೊದಲು ಲೈನು ಕೊಡು ಎಂದರು. ಲೈನು ಕೊಟ್ಟೆ, ನಿಯಮದಂತೆ ಕೀ ಮುಚ್ಚಿದೆ, ಅವರು ಆಡಿದ ಮಾತು ಕೇಳಲಿಲ್ಲ. ಯಾರ ಮಾತನ್ನೂ ನಾನು ಕದ್ದು ಕೇಳಿದವಳಲ್ಲ. ನಳ ಬಂದದ್ದು ಎಷ್ಟೋ ವರ್ಷದ ಮೇಲೆ, ಬೇರೆಯವರ ಕಾಲದಲ್ಲಿ.

ಈಗ ನಮ್ಮ ಮನೆಯ ಹುಡುಗಿಯರು ಅಂಗೈಯಲ್ಲಿ ಫೋನು ಹಿಡಿದು, ಮುಖ ಕಾಣದವರ ಕೂಡ ಕಾರಿನ ಬಗ್ಗೆ, ಸರ್ಕಾರದ ಬಗ್ಗೆ ಹೊತ್ತುಗೊತ್ತಿಲ್ಲದೆ ಜಗಳವಾಡುತ್ತಾರೆ. ಅವರಿಗೂ ಯಾರೋ, ನಿನಗ್ಯಾಕೆ ಇದರ ಉಸಾಬರಿ ಎಂದು ಬರೆಯುತ್ತಾರಂತೆ. ಅದನ್ನು ನನಗೆ ತೋರಿಸಿ, ಏನು ಉತ್ತರ ಕೊಡಲಿ ಎಂದು ಕೇಳುತ್ತಾರೆ. ಉತ್ತರ ಬೇಡ, ಮೊದಲಿನ ಮಾತನ್ನೇ ಮುಂದುವರಿಸು ಎನ್ನುತ್ತೇನೆ.

ಬಾಗಲಕೋಟೆಯಲ್ಲಿ ನನ್ನ ಮೊದಲ ತಿಂಗಳ ಒಂದು ಮಧ್ಯಾಹ್ನ ಬಾದಾಮಿಯ ಮುಚ್ಚಳ ಬಿತ್ತು. ಸೂಪರ್‌ವೈಜರ್ ನನ್ನ ಹಿಂದೆಯೇ, ಗೋಡೆಯ ಗಡಿಯಾರಕ್ಕೆ ಕೀ ಕೊಡುತ್ತಾ ನಿಂತಿದ್ದರು. ಪ್ಲಗ್ ಚುಚ್ಚಿದೆ. ಬಾದಾಮಿಯವರು ಲೈನ್ ಹೇಗಿದೆ ಎಂದು ಕೇಳಿದರು, ಸರಿಯಿದೆ ಎಂದೆ. ತಮ್ಮೂರಿನ ಹೋಟೆಲಿನವನು ಟಿವಿ ತಂದಿಟ್ಟಿದ್ದಾನೆ, ಚಿತ್ರಕ್ಕಿಂತ ಹೆಚ್ಚಾಗಿ ಚುಕ್ಕೆಗಳೇ ಕಾಣುತ್ತವೆ, ಆದರೂ ಇನ್ನು ಸಿನಿಮಾ ಟೆಂಟುಗಳಿಗೆ ಜನ ಹೋಗುವುದಿಲ್ಲ ಎಂದರು. ಹಿಂದೆ ಗಡಿಯಾರದ ಕೀ ತಿರುಗುವ ಸಪ್ಪಳ ನಿಂತಿತು. ಸೂಪರ್‌ವೈಜರ್ ಕೇಳುತ್ತಿದ್ದಾರೆಂದು ನನಗೆ ಗೊತ್ತಿತ್ತು. ನಾನು ದನಿ ತಗ್ಗಿಸಲಿಲ್ಲ.

"ಅದು ಹೆಂಗ ಹೇಳ್ತೀರಿ ಕಾಕಾರ?" ಎಂದೆ. "ಜನ ಟೆಂಟಿಗೆ ಹೋಗೋದು ಬರೇ ಸಿನಿಮಾ ನೋಡಾಕಂತ ಯಾರು ಹೇಳಿದ್ರು ನಿಮಗ?"